ನೀರಿನ ಪಟ್ಟಿಯ ಮೇಲಿನ ಗೆರೆ

ಆ ತರಗತಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ಗೌರವಕ್ಕೆ, ಆಮೇಲೆ ರೂಢಿಗೆ, ಪರೀಕ್ಷೆ ಹತ್ತಿರ ಬಂದಾಗ ಅವಳ ನೋಟ್ಸಿನ ಆಸೆಗೆ. ಆಗಷ್ಟೇ ಡಿಗ್ರಿ ಮುಗಿಸಿ ಬಂದ ಹುಡುಗ ಹುಡುಗಿಯರ ನಡುವೆ ನಲವತ್ತು ದಾಟಿದವಳು ಒಬ್ಬಳೇ ಕೂತಿದ್ದರೆ ಇನ್ನೇನೆಂದು ಕರೆದಾರು? ಹಿಂದಿನ ಬೆಂಚಿನವನೊಬ್ಬ ಆಂಟಿ ಎಂದು ಕರೆದು ನೋಡಿದ. ಅಕ್ಕ ಜಾರಿದ ಕನ್ನಡಕವನ್ನು ತೋರುಬೆರಳಿನಿಂದ ಮೇಲಕ್ಕೆ ತಳ್ಳಿ ಅವನನ್ನೊಮ್ಮೆ ದಿಟ್ಟಿಸಿದಳು. ಕೋರ್ಸು ಮುಗಿಯುವವರೆಗೂ ಆ ಪದ ಅವನ ಬಾಯಿಂದ ಮತ್ತೆ ಹೊರಡಲಿಲ್ಲ.

ಅದಕ್ಕೂ ಮೊದಲು ಅವಳು ಕ್ಷಯರೋಗದ ಚಿಕಿತ್ಸಾಲಯವೊಂದರಲ್ಲಿ ಕಫ ಪರೀಕ್ಷೆ ಮಾಡುತ್ತಿದ್ದಳು. ಗಾಜಿನ ಮೇಲೆ ಕಫ ಬಳಿಯುವುದು, ಬಣ್ಣ ಹಾಕುವುದು, ಬಿಸಿ ಮಾಡುವುದು, ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ನೋಯುವವರೆಗೆ ನೋಡುವುದು. ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು ಕಂಡರೆ ರೋಗ ಇದೆ. ಕಾಣದಿದ್ದರೆ ಇನ್ನೊಂದು ಸಲ ನೋಡು. ಮದುವೆಯಾದ ವರ್ಷ ಸೇರಿದ ಕೆಲಸ ಅದು. ಮಗಳು ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ಅವಳು ಊರಿನ ಅರ್ಧ ಜನರ ಕಫ ನೋಡಿ ಮುಗಿಸಿದ್ದಾಳೆ ಎಂದು ಅವಳ ಅತ್ತೆ ನೆಂಟರೆದುರು ಹೆಮ್ಮೆಯಿಂದ ಹೇಳುತ್ತಿದ್ದರು. ಅದನ್ನು ಸರಿಯಾಗಿ ಊಟದ ಹೊತ್ತಿಗೇ ಹೇಳುತ್ತಿದ್ದರು ಎನ್ನುವುದು ಬೇರೆ ಮಾತು.

ಒಂದು ದಿನ ಚಿಕಿತ್ಸಾಲಯದ ದೊಡ್ಡ ಡಾಕ್ಟರು ಅವಳನ್ನು ಕರೆಸಿದರು.

"ಇನ್ಮೇಲೆ ಎಲ್ಲಾ ಡಿಎನ್‌ಎ ಪರೀಕ್ಷೆ ಕಣಮ್ಮ. ಎರಡು ವರ್ಷದ ಕೋರ್ಸ್ ಇದೆ, ಹೋಗಿ ಕಲಿತು ಬನ್ನಿ. ಆಗಲ್ಲ ಅಂದ್ರೂ ಬೇಜಾರಿಲ್ಲ, ಚೀಟಿ ಕೊಡೋ ಕೌಂಟರ್ ಖಾಲಿ ಇದೆ."

ಚೀಟಿ ಕೌಂಟರಿನಲ್ಲಿ ಕೂರುವುದೆಂದರೆ ಏನೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅಂಗೈ ಅಗಲದ ಕಿಂಡಿಯ ಹಿಂದೆ ಕೂತು ನಿವೃತ್ತಿಯಾಗುವವರೆಗೆ ಹೆಸರು, ವಯಸ್ಸು ಎಂದು ಕೂಗುವುದು. ಕೈಯಲ್ಲಿ ಇಷ್ಟು ವರ್ಷದ ವಿದ್ಯೆ ಇಟ್ಟುಕೊಂಡು ಅಲ್ಲಿ ಹೋಗಿ ಕೂರುವುದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಗಂಡ ಸಿಟಿ ಬಸ್ಸಿನ ಡ್ರೈವರು, ಅವನ ಪಾಳಿ ಅವನಿಗೆ. ಮನೆ ನೋಡಿಕೊಳ್ಳಬೇಕಾದವರು ಅತ್ತೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹೋಗು. ನಿನ್ನ ಮಗಳ ಜೊತೆ ನೀನೂ ಓದಿಕೋ. ಇಬ್ಬರಿಗೂ ಸೇರಿಸಿ ಒಂದೇ ಸಲ ಬೈದರೆ ನನಗೂ ಕೆಲಸ ಕಮ್ಮಿ," ಎಂದರು. ಹಾಗೆ ತಾಯಿ ಮಗಳು ಒಂದೇ ಮೇಜಿನ ಎದುರುಬದುರು ಕೂತು ಓದತೊಡಗಿದರು.

ಕೋರ್ಸಿಗೆ ಮಾಲಿಕ್ಯುಲರ್ ಡಯಾಗ್ನಾಸ್ಟಿಕ್ಸ್ ಎಂದು ದೊಡ್ಡ ಹೆಸರಿತ್ತು. ಅತ್ತೆಗೆ ಅಕ್ಕ ಅದನ್ನು ಬಿಡಿಸಿ ಹೇಳಿದ್ದು ಹೀಗೆ: ಕಫದಲ್ಲಿ ರೋಗಾಣು ಎಷ್ಟೇ ಕಮ್ಮಿ ಇರಲಿ, ಅದರ ಡಿಎನ್‌ಎ ಅನ್ನೋ ಎಳೆಯಲ್ಲಿ ಒಂದು ಚೂರು ಸಿಕ್ಕರೆ ಸಾಕು. ಮೆಷಿನ್ನು ಅದನ್ನು ಬಿಸಿ ಮಾಡಿ, ತಣ್ಣಗೆ ಮಾಡಿ, ಅದರ ನಕಲಿನ ಮೇಲೆ ನಕಲು ತೆಗೆದು ಕೋಟಿಗಟ್ಟಲೆ ಮಾಡುತ್ತದೆ. ಆಮೇಲೆ ಆ ಟ್ಯೂಬು ತೆರೆದು ಕಾಗದದಂಥ ಸಣ್ಣ ಪಟ್ಟಿಯ ಮೇಲೆ ಹರಿಸಿದರೆ ಗೆರೆಗಳು ಮೂಡುತ್ತವೆ. ರೋಗ ಇದೆಯಾ, ಯಾವ ಔಷಧಿಗೆ ಬಗ್ಗುವುದಿಲ್ಲ, ಎಲ್ಲ ಆ ಗೆರೆಗಳೇ ಹೇಳುತ್ತವೆ.

"ಒಂದು ಹುಳಾನ ಕೋಟಿ ಹುಳ ಮಾಡ್ತೀರಾ? ಒಳ್ಳೆ ವಿದ್ಯೆ," ಎಂದರು ಅತ್ತೆ.

ಅವರು ತಮಾಷೆಗೆ ಅಂದದ್ದರಲ್ಲೇ ಆ ಕೆಲಸದ ಕಷ್ಟವೆಲ್ಲ ಇತ್ತು. ಕೋಟಿ ನಕಲುಗಳಲ್ಲಿ ಒಂದು ಹಾರಿ ಹೋಗಿ ಮರುದಿನದ ಟ್ಯೂಬಿಗೆ ಬಿದ್ದರೆ, ಮೆಷಿನ್ನು ಅದನ್ನೂ ಕೋಟಿ ಮಾಡಿಬಿಡುತ್ತದೆ. ಆರೋಗ್ಯವಾಗಿರುವವನ ಪಟ್ಟಿಯ ಮೇಲೂ ರೋಗದ ಗೆರೆ ಮೂಡುತ್ತದೆ. ಅದಕ್ಕೇ ಅಲ್ಲಿ ಮೂರು ಕೋಣೆಗಳಿದ್ದವು. ಮೊದಲನೆಯದರಲ್ಲಿ ರಾಸಾಯನಿಕಗಳ ಮಿಶ್ರಣ ಮಾಡುವುದು, ಎರಡನೆಯದರಲ್ಲಿ ಅದಕ್ಕೆ ರೋಗಿಯ ಮಾದರಿ ಸೇರಿಸುವುದು, ಮೂರನೆಯದರಲ್ಲಿ ಮೆಷಿನ್ನು ಮತ್ತು ಪಟ್ಟಿ. ಒಂದಕ್ಕೆ ಬಿಳಿ ಕೋಟು, ಒಂದಕ್ಕೆ ನೀಲಿ, ಒಂದಕ್ಕೆ ಹಳದಿ. ಕೈಗವಸು, ಚಪ್ಪಲಿ, ಪೆನ್ನು, ಕಸದ ಬುಟ್ಟಿ, ಎಲ್ಲ ಆಯಾ ಕೋಣೆಯದೇ. ಬೆಳಿಗ್ಗೆ ಬಿಳಿಯಿಂದ ಹೊರಟು ಹಳದಿ ಮುಟ್ಟಿದವರು ಆವತ್ತು ಹಿಂದಕ್ಕೆ ಬರುವ ಹಾಗಿಲ್ಲ. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿ ಮರುದಿನ ಬರಬೇಕು.

ಇಷ್ಟೆಲ್ಲ ಮಾಡಿದ ಮೇಲೂ ನಂಬಿಕೆ ಇಲ್ಲ. ಪ್ರತಿ ಸಲವೂ ಒಂದು ಟ್ಯೂಬಿಗೆ ಮಾದರಿಯ ಬದಲು ಬರೀ ಶುದ್ಧ ನೀರು ಹಾಕಬೇಕು. ನೀರಿನ ಪಟ್ಟಿಯಲ್ಲಿ ಪರೀಕ್ಷೆ ಸರಿಯಾಗಿ ನಡೆದಿದೆ ಎನ್ನುವ ಮೇಲಿನ ಗುರುತು ಬಿಟ್ಟರೆ ಬೇರೇನೂ ಇರಕೂಡದು. ನೀರಿಗೇ ಕ್ಷಯ ಬಂದರೆ ಆ ದಿನದ ಕೆಲಸವೆಲ್ಲ ಕಸದ ಬುಟ್ಟಿಗೆ.

ಪಾಠ ಹೇಳುತ್ತಿದ್ದ ಮೇಡಂ ಮೊದಲ ದಿನವೇ ಇದನ್ನೆಲ್ಲರ ಕಿವಿಗೆ ಹಾಕಿದ್ದರು. ಗಟ್ಟಿಯಾಗಿ ಮಾತಾಡುವವರಲ್ಲ, ಆದರೆ ಅವರು ಮಾತಾಡುವಾಗ ಯಾರೂ ಕುರ್ಚಿ ಎಳೆಯುತ್ತಿರಲಿಲ್ಲ.

"ರೋಗ ಹುಡುಕೋದು ಮೆಷಿನ್ ಕೆಲಸ. ಇಲ್ಲದ ರೋಗ ಹುಟ್ಟಿಸದೆ ಇರೋದು ನಿಮ್ಮ ಕೆಲಸ. ಇದೇ ಕೋಣೆಗಳಲ್ಲಿ ಆಸ್ಪತ್ರೆಯ ಮಾದರಿಗಳೂ ಬರುತ್ತವೆ. ಯಾರ ಕೈಯಿಂದ ಕೊಳೆ ಹರಡಿತು ಅಂತ ಗೊತ್ತಾಗುತ್ತೋ ಅವರು ಈ ತಂಡದ ಜೊತೆ ಆಸ್ಪತ್ರೆ ತರಬೇತಿಗೆ ಹೋಗೋ ಹಾಗಿಲ್ಲ. ಮುಂದಿನ ತಂಡದವರ ಜೊತೆ ಮೊದಲಿಂದ ಕಲೀಬೇಕು. ನನ್ನ ಹತ್ರ ಅತ್ತು ಕರೆದು ಪ್ರಯೋಜನ ಇಲ್ಲ."

ಬೆಂಚಿನ ಕೆಲಸಕ್ಕೆ, ಎಂದರೆ ಲ್ಯಾಬಿನ ಮೇಜಿನ ಮೇಲಿನ ಕೆಲಸಕ್ಕೆ, ಇಬ್ಬಿಬ್ಬರ ಜೋಡಿ ಮಾಡಿದರು. ಅಕ್ಕನಿಗೆ ಜೋಡಿಯಾಗಿ ಸಿಕ್ಕವಳು ಗಡಿಬಿಡಿ.

ಗಡಿಬಿಡಿ ಎಂಬ ಹೆಸರನ್ನು ಆ ಹುಡುಗಿಗೆ ಯಾರು ಇಟ್ಟರೋ, ಇಟ್ಟವರ ಕಣ್ಣು ಚುರುಕು. ಅವಳು ನಡೆದದ್ದನ್ನು ಯಾರೂ ನೋಡಿದವರಿಲ್ಲ, ಓಡುವುದೊಂದೇ. ಕೋಟಿನ ಒಂದು ಗುಂಡಿಯನ್ನು ಇನ್ನೊಂದರ ತೂತಿಗೆ ಹಾಕಿಕೊಂಡು ಬರುತ್ತಿದ್ದಳು. ಬಾಯಿ ಸುಮ್ಮನಿರುತ್ತಿರಲಿಲ್ಲ. ದೂರದ ಊರಿನವಳು, ಕಾಲೇಜಿನ ಹಿಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿಯೊಂದರ ಮಹಡಿ ಮೇಲೆ ಬಾಡಿಗೆಗಿದ್ದಳು. ಅವಳಪ್ಪನಿಗೆ ಮಗಳನ್ನು ಇಷ್ಟು ದೂರ ಕಳಿಸಲು ಮನಸ್ಸೇ ಇರಲಿಲ್ಲವಂತೆ. "ಎರಡು ವರ್ಷ ಅಂತ ಹೇಳಿ ಬಂದಿದೀನಿ ಅಕ್ಕ. ಒಂದು ತಿಂಗಳು ಜಾಸ್ತಿ ಆದ್ರೂ ಸಾಕು ಬಾ ಅಂತ ಕರ್ಕೊಂಡು ಹೋಗಿಬಿಡ್ತಾರೆ. ಮತ್ತೆ ಕಳಿಸಲ್ಲ," ಎಂದು ಅವಳು ಹೇಳಿಕೊಂಡಿದ್ದಳು. ಹೇಳುವಾಗ ನಗುತ್ತಲೇ ಇದ್ದಳು, ಅದಕ್ಕೇ ಅಕ್ಕ ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಅಕ್ಕನದು ತದ್ವಿರುದ್ಧ. ಅವಳ ಕೈ ನಡುಗುತ್ತಿರಲಿಲ್ಲ, ಅಳತೆ ತಪ್ಪುತ್ತಿರಲಿಲ್ಲ. ಹಾಗಾಗಿ ಮಿಶ್ರಣ ಮಾಡುವುದು ಅವಳ ಪಾಲಿಗೆ, ಟ್ಯೂಬು ಜೋಡಿಸಿ ಕೊಡುವುದು, ಹೆಸರು ಅಂಟಿಸುವುದು ಗಡಿಬಿಡಿಯ ಪಾಲಿಗೆ. ತಾನು ಎಷ್ಟು ಜೋಪಾನ ಎನ್ನುವುದು ಅಕ್ಕನಿಗೆ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಎಂದರೆ ತಪ್ಪಲ್ಲ. ಜೋಪಾನದ ಮನುಷ್ಯರಿಗೆ ಒಂದು ಕಾಯಿಲೆಯುಂಟು, ಏನು ಕೆಟ್ಟರೂ ಮೊದಲು ಪಕ್ಕದವರ ಕೈ ನೋಡುತ್ತಾರೆ.

ಆಸ್ಪತ್ರೆ ತರಬೇತಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಅವರಿಬ್ಬರ ನೀರಿನ ಪಟ್ಟಿಯ ಮೇಲೆ ಗೆರೆ ಮೂಡಿತು. ಮೊದಲ ಸಲ ತೆಳುವಾಗಿ, ಕಂಡೂ ಕಾಣದ ಹಾಗೆ. ಎರಡನೆಯ ಸಲ ಯಾರಿಗೂ ಸಂಶಯ ಉಳಿಯದಷ್ಟು ದಪ್ಪಗೆ. ಮೇಡಂ ಹೊಸ ರಾಸಾಯನಿಕ ಕೊಟ್ಟರು, ಹೊಸ ನೀರು ಕೊಟ್ಟರು, ಮೇಜುಗಳನ್ನೆಲ್ಲ ಬ್ಲೀಚಿನಿಂದ ಒರೆಸಿಸಿದರು. ಗೆರೆ ಜಪ್ಪಯ್ಯ ಅನ್ನಲಿಲ್ಲ. ಬೇರೆ ಜೋಡಿಗಳ ನೀರು ತಿಳಿಯಾಗಿತ್ತು, ಇವರದಕ್ಕೆ ಮಾತ್ರ ರೋಗ.

ಅಕ್ಕನಿಗೆ ಕಣ್ಣು ಮುಚ್ಚಿದರೆ ಚೀಟಿ ಕೌಂಟರಿನ ಕಿಂಡಿ. ಹಿಂದೊಮ್ಮೆ ಕಂಡದ್ದು ಆಗ ಅವಳಿಗೆ ನೆನಪಾಯಿತು. ಗಡಿಬಿಡಿ ಮೂರನೆಯ ಕೋಣೆಯಿಂದ ಹೊರಟವಳು ಏನೋ ಮರೆತೆನೆಂದು ಹಳದಿ ಕೋಟಿನಲ್ಲೇ ಓಡಿಬಂದು ಮೊದಲ ಕೋಣೆಯ ಬಾಗಿಲು ತಳ್ಳಿ ಒಂದು ಕಾಲು ಒಳಗಿಟ್ಟಿದ್ದಳು. ತಕ್ಷಣ ನಾಲಿಗೆ ಕಚ್ಚಿಕೊಂಡು ಹಿಂದೆ ಸರಿದಿದ್ದಳು. ಆಗ ಅಕ್ಕ ಅವಳನ್ನು ಗದರಲಿಲ್ಲ, ಹುಡುಗಿ ಎಂದು ಸುಮ್ಮನಾಗಿದ್ದಳು. ಈಗ ನೇರ ಮೇಡಂ ಕೋಣೆಗೆ ಹೋದಳು.

"ಹೇಳಬಾರದು ಅಂತಿದ್ದೆ ಮೇಡಂ. ಆದ್ರೆ ಆಸ್ಪತ್ರೆ ಮಾದರಿಗಳೂ ಇಲ್ಲೇ ಬರುತ್ತಲ್ಲ, ಅದಕ್ಕೆ ಹೇಳ್ತಿದೀನಿ," ಎಂದು ಶುರುಮಾಡಿ, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಅದರಲ್ಲಿ ಸುಳ್ಳು ಒಂದು ಚೂರೂ ಇರಲಿಲ್ಲ. ಆಸ್ಪತ್ರೆಯ ಮಾದರಿಗಳ ಚಿಂತೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಹಿಂದೆ ತನ್ನ ಜಾಗದ ಚಿಂತೆ ಎಷ್ಟಿತ್ತು ಎಂಬುದನ್ನು ಅವಳು ಆವತ್ತು ಅಳೆಯಲು ಹೋಗಲಿಲ್ಲ.

ಮೇಡಂ ಗಡಿಬಿಡಿಯನ್ನು ಕರೆದು ಕೇಳಿದರು. ಅವಳು ಹೌದು ಎಂದಳು, ಒಂದೇ ಕಾಲು ಇಟ್ಟದ್ದು ಎಂದಳು, ಯಾರು ಹೇಳಿದ್ದೆಂದು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಆವತ್ತು ಅಲ್ಲಿದ್ದವರು ಇಬ್ಬರೇ. ಮರುದಿನದಿಂದ ಅವಳನ್ನು ಬೆಂಚಿನಿಂದ ಇಳಿಸಿದರು. ಡಬ್ಬಿಗಳಿಗೆ ಚೀಟಿ ಅಂಟಿಸುವುದು, ಪಾತ್ರೆ ತೊಳೆಯುವುದು. ಅಕ್ಕನ ಪಕ್ಕ ಜೋಡಿಯಾಗಿ ಮೇಡಮ್ಮೇ ನಿಂತರು.

ಅದೇ ವಾರ ಮಗಳು ನೋಡದೆ ಕೂತು ಅಕ್ಕನ ಕನ್ನಡಕದ ಕಾಲು ಮುರಿದಳು. ಅಕ್ಕ ಪೆಟ್ಟಿಗೆಯ ತಳದಿಂದ ಕಾಲೇಜು ದಿನಗಳ ಹಳೆಯದೊಂದನ್ನು ಹುಡುಕಿ ಹಾಕಿಕೊಂಡು ಬಂದಳು. ದಪ್ಪ ಕಟ್ಟಿನದು, ಕಿವಿಯ ಹಿಂದೆ ಎಷ್ಟು ಬಿಗಿಯೆಂದರೆ ಸಂಜೆಯ ಹೊತ್ತಿಗೆ ಗುರುತು ಬೀಳುತ್ತಿತ್ತು. ಅಲುಗುವ ಮಾತೇ ಇಲ್ಲ. ಪಾತ್ರೆ ತೊಳೆಯುತ್ತಿದ್ದ ಗಡಿಬಿಡಿ ಅವಳನ್ನು ನೋಡಿ ಕೈ ಒರೆಸಿಕೊಂಡು ಬಂದಳು.

"ಮುರಿದಿದ್ದು ಕೊಡಿ ಇಲ್ಲಿ. ನನ್ನ ರೂಮಿನ ಕೆಳಗೇ ಅಂಗಡಿ ಇದೆ, ಸರಿ ಮಾಡಿಸ್ಕೊಂಡು ಬರ್ತೀನಿ."

ಅಕ್ಕನಿಗೆ ಅವಳ ಮುಖ ನೋಡಲು ಆಗಲಿಲ್ಲ. ಕಾಗದದಲ್ಲಿ ಸುತ್ತಿ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಂಗಡಿಯವನಿಗೆ ಸರಿಯಾದ ಬಿಡಿಭಾಗ ತರಿಸಲು ಸ್ವಲ್ಪ ದಿನ ಹಿಡಿಯಿತು. ಆ ದಿನಗಳಲ್ಲಿ ಮಾಡಿದ ಪರೀಕ್ಷೆಗಳಲ್ಲೆಲ್ಲ ನೀರು ತಿಳಿಯಾಗಿ ಬಂತು. ಪಟ್ಟಿ ನೋಡಿ ಮೇಡಂ ತಲೆಯಾಡಿಸಿದರು. ತರಗತಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗಡಿಬಿಡಿ ಒಳಗೆ ಬಂದರೆ ಮಾತು ನಿಲ್ಲತೊಡಗಿತು. ಅವಳಿದ್ದಾಗ ಗೆರೆ, ಅವಳಿಲ್ಲದಾಗ ಇಲ್ಲ. ಇನ್ನೇನು ಸಾಕ್ಷಿ ಬೇಕು? ಅವಳು ಓಡುವುದನ್ನು ಬಿಟ್ಟು ನಡೆಯತೊಡಗಿದ್ದಳು. ಕೋಟಿನ ಗುಂಡಿಗಳು ಸರಿಯಾದ ತೂತಿನಲ್ಲಿದ್ದವು.

ಕನ್ನಡಕ ಸರಿಯಾಗಿ ಬಂತು. ಗಡಿಬಿಡಿಯೇ ತಂದುಕೊಟ್ಟಳು. ಅಕ್ಕ ನಿರಾಳವಾಗಿ ಹಾಕಿಕೊಂಡು ಆವತ್ತು ಮೂರೂ ಕೋಣೆ ಮುಗಿಸಿದಳು. ಅದಾದ ಮೇಲಿನ ಪರೀಕ್ಷೆಯಲ್ಲಿ ನೀರಿನ ಪಟ್ಟಿಯ ಮೇಲೆ ಗೆರೆ ಮತ್ತೆ ಎದ್ದು ಕೂತಿತ್ತು.

ಮೇಡಂ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗಡಿಬಿಡಿ ಬೆಂಚಿನ ಹತ್ತಿರ ಸುಳಿದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದವರು ಅವರೇ.

"ನಾನೇ ಇರಬಹುದು," ಎಂದರು ಮೇಡಂ, ಹವಾಮಾನ ಹೇಳುವಷ್ಟು ಸಹಜವಾಗಿ. "ಅಥವಾ ಆ ಹುಡುಗಿ ಬಿಟ್ಟುಹೋದ ಕೊಳೆ ಎಲ್ಲೋ ಉಳಿದಿರಬಹುದು. ನಾಳೆ ಎಲ್ಲಾನೂ ಒರೆಸಿ ನೋಡೋಣ. ಬಾಗಿಲ ಹಿಡಿ, ಕುರ್ಚಿ, ಫ್ರಿಜ್ಜು, ನನ್ನ ಉಂಗುರ. ಒದ್ದೆ ಹತ್ತಿ ಕಡ್ಡಿಯಿಂದ ಒರೆಸಿ ಒಂದೊಂದನ್ನೂ ಪರೀಕ್ಷೆಗೆ ಹಾಕಿ."

ಸಂಜೆ ಮನೆಯಲ್ಲಿ ಅಕ್ಕ ಪುಸ್ತಕ ತೆರೆದಿಟ್ಟು ಕೂತಿದ್ದಳು, ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ. ಎದುರಿಗೆ ಮಗಳು. ಅತ್ತೆ ತರಕಾರಿ ಹೆಚ್ಚುತ್ತಿದ್ದವರು ತಲೆಯೆತ್ತಿ, "ನಿಮ್ಮಮ್ಮ ಓದ್ತಿದಾಳೋ, ಮೂಗು ಇದೆಯೋ ಇಲ್ಲವೋ ಅಂತ ನೋಡ್ಕೊಳ್ತಿದಾಳೋ?" ಎಂದರು.

ಮಗಳು ಕಿಸಕ್ಕೆಂದಳು. ತಾಯಿಯ ಹಾಗೆ ಬೆನ್ನು ಬಗ್ಗಿಸಿ, ಹುಬ್ಬು ಗಂಟುಹಾಕಿ, ಒಂದು ಸಾಲು ಓದಿದಂತೆ ಮಾಡಿ ತೋರುಬೆರಳಿನಿಂದ ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿದಳು. ಇನ್ನೊಂದು ಸಾಲು, ಇನ್ನೊಂದು ತಳ್ಳು.

"ಅಮ್ಮ, ನೀನು ಮಾಡೋದು ನಿನಗೇ ಗೊತ್ತಾಗಲ್ಲ ಅಲ್ವಾ? ಆ ಹಳೇದು ಹಾಕಿದಾಗ ಮಾತ್ರ ಸುಮ್ನೆ ಇದ್ದೆ."

ಅಕ್ಕನ ಬೆರಳು ಆಗಲೂ ಮೂಗಿನ ಮೇಲೇ ಇತ್ತು. ಅದನ್ನು ಅವಳು ಮೆಲ್ಲನೆ ಕೆಳಗಿಳಿಸಿ, ಯಾರದೋ ಬೆರಳೆಂಬಂತೆ ನೋಡಿದಳು.

ಕೋಟು ಬದಲಾಗುತ್ತಿತ್ತು, ಕೈಗವಸು ಬದಲಾಗುತ್ತಿತ್ತು, ಚಪ್ಪಲಿ, ಪೆನ್ನು ಎಲ್ಲ ಬದಲಾಗುತ್ತಿದ್ದವು. ಕನ್ನಡಕ ಬದಲಾಗುತ್ತಿರಲಿಲ್ಲ. ಮೂರನೆಯ ಕೋಣೆಯಲ್ಲಿ ತೆರೆದ ಟ್ಯೂಬು ಮುಟ್ಟಿದ ಕೈಗವಸಿನಿಂದ ಕನ್ನಡಕ ತಳ್ಳಿದ್ದಾಳೆ. ಅದೇ ಕನ್ನಡಕ ಮನೆಗೆ ಬಂದಿದೆ, ಅವಳು ತಲೆಗೆ ಸ್ನಾನ ಮಾಡುವಾಗ ಬಚ್ಚಲ ಹೊರಗಿನ ಮೊಳೆಯಲ್ಲಿ ಜೋಪಾನವಾಗಿ ನೇತಾಡಿದೆ. ಮರುದಿನ ಮೊದಲ ಕೋಣೆಗೆ ಹೋಗಿದೆ, ಅಲ್ಲಿ ಹೊಸ ಕೈಗವಸಿನ ಬೆರಳು ಮತ್ತೆ ಅದನ್ನು ತಳ್ಳಿ, ಅದೇ ಬೆರಳು ಮಿಶ್ರಣದ ಟ್ಯೂಬಿನ ಮುಚ್ಚಳ ತೆರೆದಿದೆ. ಆ ಹುಡುಗರಲ್ಲಿ ಯಾರಿಗೂ ಕನ್ನಡಕವಿಲ್ಲ. ಮೇಡಮ್ಮಿಗೂ ಇಲ್ಲ. ಇಂಥ ತಪ್ಪು ಮಾಡಬಲ್ಲವಳು ಆ ಕಟ್ಟಡದಲ್ಲೇ ಅವಳೊಬ್ಬಳು.

ಅವಳು ಎದ್ದು ಬಚ್ಚಲಿಗೆ ಹೋದಳು. ಬಟ್ಟೆಗೆ ಹಾಕುವ ಬ್ಲೀಚು ಕಿಟಕಿಯ ಮೇಲಿತ್ತು. ಬೋಗುಣಿಗೆ ನೀರು ಬಿಟ್ಟಳು. ಅತ್ತೆ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಅಕ್ಕ ಅವರಿಗೆ ಎಲ್ಲ ಹೇಳಿದಳು, ಗಡಿಬಿಡಿಯ ವಿಷಯವನ್ನೂ ಬಿಡದೆ. ಅಷ್ಟು ದಿನ ಅದನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

"ಇದಕ್ಕೆ ಇಷ್ಟು ಯೋಚನೆಯಾ? ತೊಳೆದುಬಿಡು," ಎಂದರು ಅತ್ತೆ. "ನಾಳೆಯಿಂದ ಮುಟ್ಟಬೇಡ, ಅಲ್ಲಿಗೆ ಸರಿಹೋಯ್ತು."

"ಸರಿಹೋಗುತ್ತೆ ಅತ್ತೆ. ನೀರು ತಿಳಿಯಾಗುತ್ತೆ. ಅವಳು ಬಿಟ್ಟುಹೋಗಿದ್ದ ಕೊಳೆ ಈಗ ಹೋಯ್ತು ಅಂತಾರೆ."

"ಹೇಳಿದ್ರೆ ನಿನ್ನ ಗತಿ?"

"ಅವಳ ಗತಿಯೇ."

ಹೊರಗೆ ಮಗಳು ಏನೋ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. "ಆ ಹುಡುಗೀನೇ ಅಲ್ವಾ ಇದನ್ನ ಸರಿ ಮಾಡಿಸಿ ತಂದುಕೊಟ್ಟಿದ್ದು?" ಎಂದು ಅತ್ತೆ ಕೇಳಿದರು. ಅಕ್ಕ ಹೌದೆಂದಳು. ಅತ್ತೆ ಬೋಗುಣಿಯ ನೀರನ್ನು ತಾವೇ ಬಗ್ಗಿ ಚೆಲ್ಲಿದರು, ಅಡುಗೆಮನೆಯಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಸೊಸೆಯ ಮುಂದೆ ಬಿಚ್ಚಿ ಹಿಡಿದರು. ಅಕ್ಕ ಕನ್ನಡಕ ತೆಗೆದು ಅದರೊಳಗೆ ಹಾಕಿದಳು.

ಮರುದಿನ ಅವಳು ಹಳೆಯ ಬಿಗಿ ಕನ್ನಡಕದಲ್ಲೇ ಬಂದಳು. ಒರೆಸಿದ ಹತ್ತಿ ಕಡ್ಡಿಗಳ ಸಾಲಿನ ಕೊನೆಗೆ ಇನ್ನೊಂದನ್ನು ಸೇರಿಸಿದಳು. ಪಾತ್ರೆ ತೊಳೆಯುವ ಕಡೆ ಹೋಗಿ ಗಡಿಬಿಡಿಯನ್ನು ಪಟ್ಟಿ ಓದುವಾಗ ಬಾ ಎಂದು ಕರೆದಳು. "ಯಾಕೆ, ಇನ್ನೇನಾದ್ರೂ ಇದೆಯಾ?" ಎಂದಳು ಅವಳು. ಅಕ್ಕನಿಗೆ ಆ ಮಾತು ನಾಟಿತು. ನಾಟಬೇಕಾದ್ದೇ.

ಪಟ್ಟಿಗಳು ಸಿದ್ಧವಾದಾಗ ಎಲ್ಲರೂ ಮೇಜಿನ ಸುತ್ತ ನಿಂತರು. ಬಾಗಿಲ ಹಿಡಿ ಖಾಲಿ. ಕುರ್ಚಿ ಖಾಲಿ. ಫ್ರಿಜ್ಜು ಖಾಲಿ, ಮೇಡಂ ಉಂಗುರ ಖಾಲಿ. ಕೊನೆಯ ಪಟ್ಟಿಯ ಮೇಲೆ ಮಾತ್ರ ಗೆರೆಗಳು ಮೇಲಿಂದ ಕೆಳಗಿನವರೆಗೆ ಎದ್ದು ಕಾಣುತ್ತಿದ್ದವು. ಅಷ್ಟು ಗಟ್ಟಿಯಾದ ಗೆರೆಗಳನ್ನು ಆ ಹುಡುಗರು ನಿಜವಾದ ರೋಗಿಯ ಪಟ್ಟಿಯಲ್ಲೂ ಕಂಡಿದ್ದು ಅಪರೂಪ.

"ಇದು ಯಾವುದು? ನಾನು ಹೇಳಿದ್ದರಲ್ಲಿ ಇದು ಇರಲಿಲ್ಲ," ಎಂದರು ಮೇಡಂ.

ಅಕ್ಕ ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟಳು.

"ನನ್ನ ಕನ್ನಡಕ ಮೇಡಂ. ಅವಳಲ್ಲ, ನಾನು. ಮೊದಲಿಂದಲೂ ನಾನೇ."

ಅವಳು ಹೇಗೆ ಆಯಿತು ಎಂದು ಹೇಳಿದಳು. ಬೆರಳಿನಿಂದ ತೋರಿಸಿಯೂ ತೋರಿಸಿದಳು, ಮೂಗು ಮುಟ್ಟದೆ. ಆಂಟಿ ಎಂದಿದ್ದ ಹುಡುಗ ನೆಲ ನೋಡುತ್ತಿದ್ದ, ಅವನೂ ವಾರವಿಡೀ ಗಡಿಬಿಡಿಯ ಎದುರು ಮಾತು ನಿಲ್ಲಿಸಿದವನೇ. ಅಕ್ಕ ಗಡಿಬಿಡಿಯ ಕಡೆ ತಿರುಗಿದಳು. "ತಪ್ಪಾಯ್ತು," ಎಂದಳು.

ಗಡಿಬಿಡಿಯ ಕಣ್ಣು ತುಂಬಿತ್ತು, ಅದು ಸಂತೋಷಕ್ಕಲ್ಲ.

"ಕನ್ನಡಕದ ವಿಷಯ ಬಿಡಿ ಅಕ್ಕ, ಅದು ನಿಮಗೂ ಗೊತ್ತಿರಲಿಲ್ಲ. ನಾನು ಕಾಲು ಇಟ್ಟಿದ್ದು ನೋಡಿದ್ರಲ್ಲ, ಅವತ್ತೇ ನನ್ನ ಮುಖಕ್ಕೇ ಬೈಬಹುದಿತ್ತು. ಮೇಡಂ ಹತ್ರ ಹೋದ್ರಿ. ದಿನಾ ಪಕ್ಕದಲ್ಲೇ ನಿಂತಿರ್ತಿದ್ದೆ ನಾನು."

ಅಷ್ಟು ಹೇಳಿ ಅವಳು ಹೊರಗೆ ಹೋದಳು. ಓಡಲಿಲ್ಲ, ನಡೆದೇ ಹೋದಳು.

ಮೇಡಂ ನಿಯಮ ಬದಲಾಯಿಸಲಿಲ್ಲ. "ಕನ್ನಡಕದ ಬಗ್ಗೆ ಮೊದಲೇ ಯೋಚನೆ ಮಾಡದೆ ಇದ್ದದ್ದು ನನ್ನ ತಪ್ಪು, ಅದನ್ನ ಮುಂದಿನ ತಂಡಕ್ಕೆ ಪಾಠದಲ್ಲಿ ಹೇಳ್ತೀನಿ. ಆದ್ರೆ ಅವಳಿಗೊಂದು ನ್ಯಾಯ, ನಿಮಗೊಂದು ನ್ಯಾಯ ಮಾಡೋಕೆ ನನ್ನಿಂದ ಆಗಲ್ಲ," ಎಂದರು. ಗಡಿಬಿಡಿ ತನ್ನ ತಂಡದ ಜೊತೆ ಆಸ್ಪತ್ರೆ ತರಬೇತಿಗೆ ಹೋದಳು, ಚೆನ್ನಾಗಿ ಮಾಡಿದಳು, ಅಲ್ಲೇ ಕೆಲಸಕ್ಕೂ ಸೇರಿದಳು. ಕೆಲಸ ಸಿಕ್ಕವಳನ್ನು ಅವಳಪ್ಪ ಬಾ ಎಂದು ಹೇಗೆ ಕರೆದಾರು? ಅಕ್ಕನ ದೊಡ್ಡ ಡಾಕ್ಟರು ಅವಧಿ ವಿಸ್ತರಿಸಲು ಗೊಣಗಿ, ಚೀಟಿ ಕೌಂಟರಿನ ಆಸೆ ಇನ್ನೊಮ್ಮೆ ತೋರಿಸಿ, ಕೊನೆಗೆ ಒಪ್ಪಿದರು. ಅವಳು ಇನ್ನೂ ಚಿಕ್ಕ ಹುಡುಗರ ಜೊತೆ ಮತ್ತೆ ಮೊದಲ ಕೋಣೆಯಿಂದ ಶುರುಮಾಡಿದಳು. ಆ ತಂಡದವರು ಅವಳನ್ನು ಮೊದಲ ದಿನದಿಂದಲೇ ಅಕ್ಕ ಎಂದರು. ಕನ್ನಡಕದ ಕಥೆ ಅವರನ್ನು ಮೊದಲೇ ಮುಟ್ಟಿತ್ತು, ಆದರೂ ಒಬ್ಬರೂ ಅದನ್ನೆತ್ತಿ ಕುಹಕವಾಡಲಿಲ್ಲ. ಅತ್ತೆ ಮಾತ್ರ ಬಿಡಲಿಲ್ಲ. ಮೊಮ್ಮಗಳು ಪಾಸು, ಸೊಸೆ ನಪಾಸು ಎಂದು ಬೀದಿಗೆಲ್ಲ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ ಎಂಬುದನ್ನು ಕೇಳಿದವರೆಲ್ಲ ಗಮನಿಸಿದರು.

ಹೀಗೆ ತಡವಾಗಿ ಅಕ್ಕ ಆಸ್ಪತ್ರೆಯ ಲ್ಯಾಬಿಗೆ ತರಬೇತಿಗೆ ಬಂದಳು. ಅಲ್ಲಿ ಹೊಸಬರಿಗೆ ಬೆಂಚಿನ ಕೆಲಸ ತೋರಿಸುವ ಜವಾಬ್ದಾರಿ ಯಾರದೆಂದು ಅವಳಿಗೆ ಮೊದಲೇ ಗೊತ್ತಿತ್ತು. ಆವತ್ತು ಬೆಳಿಗ್ಗೆ ಬಸ್ಸಿನಿಂದ ಇಳಿದ ಮೇಲೂ ಗೇಟಿನ ಹೊರಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು.

ಗಡಿಬಿಡಿ ಮೊದಲ ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದಳು. ಬಿಳಿ ಕೋಟು, ಮತ್ತೆ ಒಂದು ಗುಂಡಿ ತಪ್ಪಿದ ತೂತಿನಲ್ಲಿ. ಆ ಘಟನೆಯ ನಂತರ ಇಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಕೋಟುಗಳ ಸಾಲು, ಆ ಸಾಲಿನ ಕೊನೆಗೆ ಒಂದು ಹೊಸ ಮೊಳೆ. ಮೊಳೆಯಲ್ಲಿ ಒಂದು ಕನ್ನಡಕ ನೇತಾಡುತ್ತಿತ್ತು. ಎರಡೂ ಕಾಲಿಗೆ ಸೇರಿಸಿ ಹಿಂದಿನಿಂದ ಒಂದು ಬಿಳಿ ಎಲಾಸ್ಟಿಕ್ ಹೊಲಿದಿತ್ತು, ಹೊಲಿಗೆ ವಕ್ರವಕ್ರ.

"ನಮ್ಮ ಕೆಳಗಿನ ಅಂಗಡಿಯವನ ಹತ್ರ ನಿಮ್ಮ ಪವರ್ ಬರೆದಿತ್ತು," ಎಂದಳು ಗಡಿಬಿಡಿ. "ಇದು ಈ ಕೋಣೆಯದು, ಹೊರಗೆ ಹೋಗಬಾರದು. ನಿಮ್ಮದನ್ನ ತೆಗೆದು ಆಚೆ ಇಡಿ."

ಅಕ್ಕ ತನ್ನದನ್ನು ತೆಗೆದಳು. ಒಂದು ಕ್ಷಣ ಎದುರಿಗಿದ್ದ ಮುಖ ಮಸುಕಾಯಿತು. ಹೊಸದನ್ನು ಹಾಕಿಕೊಂಡು ಎಲಾಸ್ಟಿಕ್ಕನ್ನು ತಲೆಯ ಹಿಂದಕ್ಕೆ ಎಳೆದುಕೊಂಡಳು, ಮುಖ ಮತ್ತೆ ಕಂಡಿತು. "ಜಾರಲ್ಲ ಇದು," ಎಂದಳು.

"ಜಾರಿದ್ರೂ ಮುಟ್ಟೋ ಹಾಗಿಲ್ಲ. ಮುಟ್ಟಿದ್ದು ಕಂಡ್ರೆ ಮೇಡಂ ಹತ್ರ ಹೋಗಲ್ಲ ನಾನು," ಎಂದು ಗಡಿಬಿಡಿ ಕೈಗವಸಿನ ಡಬ್ಬಿಯನ್ನು ಅವಳ ಕಡೆ ಚಾಚಿದಳು. "ನಿಮಗೇ ಹೇಳ್ತೀನಿ."